ಎಂಟು ಕೆಳಬಾಣ, ಒಂದು ಡಬ್ಬಿ

2025ರ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ದೆ. ವಿಂಧ್ಯಗಿರಿಗೆ 600ಕ್ಕೂ ಮೇಲೆ ಮೆಟ್ಟಿಲು. ಶಾಲೆಯಲ್ಲಿದ್ದಾಗ ಪ್ರತಿ ವರ್ಷ ಮಕ್ಕಳ ಹಿಂದೆ ಓಡೋಡಿ ಹತ್ತಿದವಳು ನಾನು. ಆ ದಿನ ಅರ್ಧಕ್ಕೇ ಬಂಡೆಗೊರಗಿ ಕೂತುಬಿಟ್ಟೆ. ಎದೆನೋವಿಲ್ಲ, ಏದುಸಿರೂ ಅಷ್ಟಿಲ್ಲ. ಮೈಯಲ್ಲಿ ಕಸುವೇ ಇಲ್ಲ, ಅಷ್ಟೇ. ಅದು ಒಂದು ದಿನದ್ದೂ ಆಗಿರಲಿಲ್ಲ. ಬೆಳಿಗ್ಗೆ ಎದ್ದರೂ ನಿನ್ನೆಯ ಆಯಾಸ ಹಾಸಿಗೆಯಿಂದ ಜೊತೆಗೇ ಎದ್ದು ಬರುತ್ತಿತ್ತು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಇದಕ್ಕೆ ಒಂದೇ ಮದ್ದು: ‘ಒಂದು ಬಾಟ್ಲು ಹಾಕಿಸ್ಕೊಂಡು ಬನ್ನಿ ಟೀಚರ್.’ ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ ಅಂಶ, ಅಂದರೆ ಐದಾರು ಚಮಚ. ನನಗೋ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ.

ಅಷ್ಟರಲ್ಲಿ ಜೂನ್ ಬಂತು. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು, ಅದರಲ್ಲೂ ಚಿಕ್ಕ ವಯಸ್ಸಿನವರು ಎಂಬ ಸುದ್ದಿ ದಿನವೂ ಟಿವಿಯಲ್ಲಿ. ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತರು. ನಾನೂ ಹೆದರಿ ಇಸಿಜಿ, ಎಕೋ ಎರಡೂ ಮಾಡಿಸಿಕೊಂಡೆ. ಹೃದಯ ಗಟ್ಟಿಯಾಗಿದೆ ಅಂದರು. ಸಮಾಧಾನವಾಯಿತು, ಸುಸ್ತು ಮಾತ್ರ ಇದ್ದಲ್ಲೇ ಇತ್ತು.

ಬೆಂಗಳೂರಿನಲ್ಲಿರುವ ತಂಗಿಯ ಮಗ ಹೊಸದೊಂದು ಹೇಳಿದ: ‘ಅಮೈನೋ ಆಸಿಡ್ ಪ್ರೊಫೈಲ್ ಮಾಡಿಸಿ ದೊಡ್ಡಮ್ಮ, ಯಾವುದು ಕಮ್ಮಿಯಿದೆಯೋ ಅದನ್ನು ತಗೊಂಡರಾಯ್ತು.’ ಮೂವತ್ತು ವರ್ಷ ಜೀವಶಾಸ್ತ್ರದ ಪಾಠ ಮಾಡಿದವಳಿಗೆ ಈ ಮಾತು ಬಹಳ ಸರಳವಾಗಿ, ಹಾಗಾಗಿ ಬಹಳ ಸರಿಯಾಗಿ ಕೇಳಿಸಿತು. ಪ್ರೋಟೀನು ಕಟ್ಟಲು 20 ಅಮೈನೋ ಆಮ್ಲ ಬೇಕು. ಅದರಲ್ಲಿ ಒಂಬತ್ತನ್ನು ದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ರಕ್ತ ಕೊಟ್ಟೆ. ವಾರದ ಮೇಲೆ ಬಂದ ವರದಿಯಲ್ಲಿ ಉದ್ದುದ್ದ ಪಟ್ಟಿ, ಎಂಟು ಕೆಂಪು ಬಾಣ, ಎಲ್ಲವೂ ಕೆಳಮುಖ. ಅದರ ಬೆನ್ನಿಗೇ ಒಂದು ಪುಡಿಯ ಡಬ್ಬಿಯೂ ಮನೆಗೆ ಬಂತು. ಲೂಸಿನ್, ಐಸೋಲೂಸಿನ್, ವ್ಯಾಲಿನ್ ಎಂದು ಮೂರು ಹೆಸರು ಅದರ ಮೇಲೆ. ಒಂಬತ್ತರಲ್ಲಿ ಮೂರು. ಉಳಿದ ಆರರ ಗತಿಯೇನು ಎಂದು ನಾನು ಆಗ ಕೇಳಲಿಲ್ಲ. ನನ್ನ ವಿದ್ಯಾರ್ಥಿಗಳಾಗಿದ್ದರೆ ಕೇಳುತ್ತಿದ್ದರು.

ಎರಡು ತಿಂಗಳು ಕುಡಿದೆ. ಕಹಿ ಬಿಟ್ಟರೆ ಏನೂ ಗೊತ್ತಾಗಲಿಲ್ಲ.

ಕೊನೆಗೆ ಹಾಸನದ ವೈದ್ಯರೊಬ್ಬರ ಬಳಿ ಹೋದೆ. ಅವರು ಬಾಣಗಳ ಹಾಳೆಯನ್ನು ಪಕ್ಕಕ್ಕಿಟ್ಟು, ‘ರಕ್ತ ಕೊಟ್ಟ ಹಿಂದಿನ ದಿನ ಏನು ಊಟ ಮಾಡಿದ್ದಿರಿ?’ ಅಂದರು. ಲೆಕ್ಕ ಹಾಕಿದೆ. ಏಕಾದಶಿ. ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ. ಆ ಬಾಣಗಳು ನನ್ನ ಸುಸ್ತಿನ ಕತೆ ಹೇಳಿದವೋ ಏಕಾದಶಿಯ ಕತೆ ಹೇಳಿದವೋ!

ರಕ್ತದಲ್ಲಿ ತೇಲುವ ಅಮೈನೋ ಆಮ್ಲ ಕೆಲವೇ ಗ್ರಾಂ. ದೇಹ ದಿನವೊಂದಕ್ಕೆ ಒಡೆದು ಕಟ್ಟುವ ಪ್ರೋಟೀನು 250 ಗ್ರಾಂನ ಆಸುಪಾಸು. ದಾಸ್ತಾನು ಹೆಚ್ಚಾಗಿ ಸ್ನಾಯುಗಳಲ್ಲಿ. ಆ ಹೊತ್ತಿನ ರಕ್ತ ನೋಡಿ ಮೈಯ ಸ್ಥಿತಿ ಹೇಳುವುದೆಂದರೆ, ನಾಲೆಗೆ ಕೋಲು ಇಳಿಸಿ ಗೊರೂರು ಅಣೆಕಟ್ಟೆಯ ನೀರು ಎಷ್ಟೆಂದು ಹೇಳಿದಂತೆ. ಗೇಟು ಎತ್ತಿದ ದಿನ ಒಂದು, ಇಳಿಸಿದ ದಿನ ಇನ್ನೊಂದು.

ಹಾಗೆಂದು ಈ ಪರೀಕ್ಷೆಯೇ ಸುಳ್ಳಲ್ಲ. ಅದರ ನಿಜವಾದ ಜಾಗ ತೊಟ್ಟಿಲ ಬಳಿ. ಫೀನೈಲ್‌ಕೀಟೋನ್ಯೂರಿಯಾದಂಥ ಹುಟ್ಟು ದೋಷವಿದ್ದರೆ ಮಗುವಿನ ರಕ್ತದಲ್ಲಿ ಒಂದು ಅಮೈನೋ ಆಮ್ಲ ಹಲವು ಪಟ್ಟು ಏರಿ ನಿಂತಿರುತ್ತದೆ. ಬೇಗ ಹಿಡಿದು ಪಥ್ಯ ಮಾಡಿಸಿದರೆ ಮೆದುಳು ಉಳಿಯುತ್ತದೆ. 1980ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ 1,12,000ಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಇದಕ್ಕಾಗಿಯೇ ನೋಡಿದ್ದರು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ನಮ್ಮ ಕಡೆ ಇಂಥ ದೋಷಗಳು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಅಂಥ ಮಗುವಿನ ಹಾಳೆಯ ಬಾಣಕ್ಕೆ ಅರ್ಥವಿದೆ. ಅರವತ್ತರ ನನ್ನ ಹಾಳೆಯದಕ್ಕೆ ಅಷ್ಟಿಲ್ಲ.

ವೈದ್ಯರು ಆಮೇಲೆ ಬರೆದುಕೊಟ್ಟದ್ದೆಲ್ಲ ಹಳೆಯ ಪರೀಕ್ಷೆಗಳೇ: ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್, ಮೂರು ತಿಂಗಳ ಸಕ್ಕರೆ, ಮೂತ್ರಪಿಂಡ, ಲಿವರ್, ಬಿ12. ಜೊತೆಗೆ ಒಂದಷ್ಟು ಪ್ರಶ್ನೆ: ಗೊರಕೆ ಇದೆಯಾ, ಮನಸ್ಸು ಹೇಗಿದೆ, ತೂಕ ಇಳಿದಿದೆಯಾ, ಕೆಮ್ಮು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು, ಶೇ. 47.8, ರಕ್ತಹೀನರು. ‘ಸುಸ್ತು’ ಎಂದು ಬಂದವರಿಗೆ ಮೊದಲು ನೋಡಬೇಕಾದ್ದು ಯಾವುದೆಂದು ಇದೊಂದೇ ಅಂಕಿ ಹೇಳೀತು.

ನನ್ನ ಬಿ12 128 ಇತ್ತು; 200ರ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಕಾರಣ ಎರಡು. ನಾನು ಸಸ್ಯಾಹಾರಿ, ಹಾಲು ಮೊಸರು ಬಿಟ್ಟರೆ ನಮಗೆ ಬಿ12 ಬರುವ ದಾರಿಯಿಲ್ಲ. ಎರಡನೆಯದು ನನ್ನ ಊಹೆಗೇ ಬಂದಿರಲಿಲ್ಲ: ಸಕ್ಕರೆ ಕಾಯಿಲೆಗೆಂದು ಹನ್ನೊಂದು ವರ್ಷ ನುಂಗಿದ ಮೆಟ್‌ಫಾರ್ಮಿನ್. ವರ್ಷಗಟ್ಟಲೆ ತೆಗೆದುಕೊಂಡರೆ ಅದು ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಪಾದದಲ್ಲಿ ಇರುವೆ ಹರಿದಂತಾಗುವ ಜೋಮನ್ನು ನಾನು ಸಕ್ಕರೆಯ ಲೆಕ್ಕಕ್ಕೆ ಬರೆದಿದ್ದೆ. ಅದರಲ್ಲಿ ಬಿ12ರ ಪಾಲೂ ಇತ್ತು. ಇಂಜೆಕ್ಷನ್ ಶುರುವಾಯಿತು, ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಮಾತ್ರೆ ನಿಲ್ಲಿಸಲಿಲ್ಲ, ಯಾರೂ ತಾವಾಗಿ ನಿಲ್ಲಿಸಲೂಬಾರದು. ಮೂರನೇ ತಿಂಗಳಿಗೆ ಬೆಳಗಿನ ರಂಗೋಲಿ ನಾನೇ ಬಗ್ಗಿ ಹಾಕುವಂತಾದೆ. ಜೋಮು ಇನ್ನೂ ಪೂರ್ತಿ ಹೋಗಿಲ್ಲ.

ಡಬ್ಬಿಯ ಮೇಲಿನ ಸಿಟ್ಟಿಗೆ ಅಮೈನೋ ಆಮ್ಲದ ಬೆನ್ನು ಬಿಡಲಿಲ್ಲ, ಓದಿದೆ. ಈ ವಿಷಯದಲ್ಲಿ ಜಗತ್ತಿನ ಲೆಕ್ಕ ಬದಲಾಗಲು ಒಂದು ಕಾರಣ ನಮ್ಮ ಬೆಂಗಳೂರೇ. ಆ ಒಂಬತ್ತರಲ್ಲಿ ಒಂದಾದ ಲೈಸಿನ್ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 12 ಮಿಲಿಗ್ರಾಂ ಸಾಕು ಎಂದು 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಸೇಂಟ್ ಜಾನ್ಸ್‌ನ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ಮೇಲೆಯೇ ಅಳೆದು ನೋಡಿದರು. 30 ಬೇಕೆಂದು ಕಂಡಿತು. 2007ರ ಅಂತರರಾಷ್ಟ್ರೀಯ ವರದಿಯಲ್ಲೂ 30 ಎಂದೇ ಬಂತು. ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಇಷ್ಟ. ಬಹುಕಾಲದಿಂದ ಅರೆಹೊಟ್ಟೆಯಲ್ಲಿದ್ದ ಗಂಡಸರಿಗೆ 44ರಷ್ಟು ಬೇಕಾಗಿತ್ತು. ಹೊಟ್ಟೆಯ ಪರೋಪಜೀವಿಗಳಿಗೆ ಔಷಧ ಕೊಟ್ಟ ಮೇಲೆ ಆ ಬೇಡಿಕೆ ಇಳಿಯಿತು. ಬರಿಗಾಲಲ್ಲಿ ಗದ್ದೆ, ಹೊಗೆಸೊಪ್ಪಿನ ಹೊಲ ತಿರುಗುವ ಅರಕಲಗೂಡಿನ ಕೂಲಿಯವನಿಗೆ ಪುಡಿಯ ಡಬ್ಬಿಗಿಂತ ಜಂತುಹುಳುವಿನ ಒಂದು ಮಾತ್ರೆ ಹೆಚ್ಚು ಕೊಟ್ಟೀತು.

ನನ್ನ ತೂಕ 60 ಕಿಲೋ, ಅಂದರೆ 1800 ಮಿಲಿಗ್ರಾಂ ಲೈಸಿನ್. ಅಡುಗೆಮನೆಯಲ್ಲೇ ಲೆಕ್ಕ ಹಾಕಿದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 200. ಎರಡು ಹೊತ್ತು ಮುದ್ದೆಯೆಂದರೆ 400. ಸ್ವಲ್ಪ ಅನ್ನ, 280. ಇಷ್ಟಕ್ಕೇ ನಿಂತರೆ ಅರ್ಧವೂ ಆಗಲಿಲ್ಲ. 50 ಗ್ರಾಂ ಹುರುಳಿಕಾಳು ಸುಮಾರು 800, ದೊಡ್ಡ ಲೋಟ ಹಾಲು 500. ಮುಗಿಯಿತು ಲೆಕ್ಕ. ಹಿಟ್ಟು ತಿಂದು ಬೆಟ್ಟ ಕಿತ್ತವನು ಕಾಳಿಲ್ಲದೆ ತಿಂದಿರಲಾರ. ಆದರೆ ನಮ್ಮ ಮನೆಗಳಲ್ಲಿ ಹುರುಳಿ ಬೇಯಿಸಿದರೆ ಕಟ್ಟು ನಮಗೆ, ಸಾರಿಗೆ, ಕಾಳು ಎತ್ತಿಗೆ. ಪ್ರೋಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲೇ. ನಮ್ಮ ಎತ್ತುಗಳು ಚೆನ್ನಾಗಿದ್ದವು.

ಪೂರಕಗಳೆಂದರೆ ಹೇಗೂ ನಿರಪಾಯ ಎಂದುಕೊಳ್ಳುವವರಿಗೆ 1989ರ ಅಮೆರಿಕ ನೆನಪಿಸಬೇಕು. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ಮಾತ್ರೆಗಳಲ್ಲಿ ಕಲ್ಮಶ ಸೇರಿ 1500ಕ್ಕೂ ಹೆಚ್ಚು ಜನ ಸ್ನಾಯುನೋವಿನ ಘೋರ ರೋಗಕ್ಕೆ ಬಿದ್ದರು, ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಮೂತ್ರಪಿಂಡ ಸೋತವರಂತೂ ಯಾವ ಪ್ರೋಟೀನ್ ಪುಡಿಯನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ನನ್ನ ಸುಸ್ತಿಗೆ ಹೆಸರು ಸಿಕ್ಕಿತು. ಚನ್ನರಾಯಪಟ್ಟಣದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯದು ಅಷ್ಟು ಸುಲಭದ್ದಲ್ಲ. ಕೋವಿಡ್ ಬಂದು ಹೋದ ಮೇಲೆ ಹಿಡಿದ ನಿತ್ರಾಣ, ಎಲ್ಲ ಪರೀಕ್ಷೆಯೂ ಸರಿ. ಒಂದು ದಿನ ಬಟ್ಟೆ ಒಗೆದರೆ ಮೂರು ದಿನ ಏಳಲಾರಳು. ಎಷ್ಟು ಮಲಗಿದರೂ ನಿದ್ದೆ ಮಾಡಿದಂತಿಲ್ಲ. ಓದಿದ ಸಾಲು ತಲೆಯಲ್ಲಿ ನಿಲ್ಲುವುದಿಲ್ಲ. ಆರು ತಿಂಗಳು ಮೀರಿ ಹೀಗಿದ್ದರೆ ಈ ದೀರ್ಘಕಾಲದ ಆಯಾಸದ ಕಾಯಿಲೆಯನ್ನು ಎಂಇ/ಸಿಎಫ್‌ಎಸ್ ಎಂದು ಕರೆಯುತ್ತಾರೆ. ಅವಳು ಸೋಮಾರಿಯಲ್ಲ, ಅತ್ತೆಮನೆಯವರಿಗೆ ಇದನ್ನು ಹೇಳಲು ನಾನೇ ಹೋಗಿದ್ದೆ. 2016ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಇಂಥ 200 ರೋಗಿಗಳ ಅಮೈನೋ ಆಮ್ಲಗಳನ್ನೇ ಅಳೆದು ನೋಡಿದರು. ಹೆಂಗಸರಲ್ಲಿ, ಶಕ್ತಿಗಾಗಿ ಉರಿಯುವ ಕೆಲವು ಆಮ್ಲಗಳು ಕಡಿಮೆ ಕಂಡವು. ಸಕ್ಕರೆಯನ್ನು ಶಕ್ತಿಯಾಗಿಸುವ ದಾರಿಯಲ್ಲೇ ತಡೆಯಿದ್ದು, ದೇಹ ಬದಲಿ ಸೌದೆ ಉರಿಸುತ್ತಿರಬಹುದು ಎಂಬುದು ಅವರ ಊಹೆ. ಅದು ಗುಂಪಿನ ಸರಾಸರಿ. ಒಬ್ಬಳಿಗೆ ಇಂಥ ಪುಡಿ ಕೊಡಿ ಎಂದು ಹೇಳುವ ಚೀಟಿಯಲ್ಲ. ಬ್ರಿಟನ್ನಿನ 2021ರ ಮಾರ್ಗಸೂಚಿಯೂ ಪೂರಕಗಳನ್ನು ಇದಕ್ಕೆ ಮದ್ದೆಂದು ಕೊಡಬೇಡಿ ಅನ್ನುತ್ತದೆ. ಹಠಕ್ಕೆ ಬಿದ್ದು ವ್ಯಾಯಾಮ ಏರಿಸುವುದನ್ನೂ ಕೈಬಿಟ್ಟಿದೆ. ಇರುವಷ್ಟು ಕಸುವನ್ನು ಎಣಿಸಿ ಖರ್ಚು ಮಾಡುವುದೇ ಈಗಿರುವ ಉಪಾಯ.

ಹೋದ ವಾರ ಅವಳು ಫೋನು ಮಾಡಿ, ‘ನೀವು ಮಾಡಿಸಿದ ಟೆಸ್ಟು ನಾನೂ ಮಾಡಿಸಲಾ?’ ಅಂದಳು. ಬೇಡ, ಯಾವ ದಿನ ಏನು ಕೆಲಸ ಮಾಡಿದೆ, ಯಾವ ದಿನ ಬಿದ್ದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು, ಅದನ್ನು ಡಾಕ್ಟರಿಗೆ ತೋರಿಸೋಣ ಅಂದೆ. ಹತ್ತು ನಿಮಿಷ ಮಾತಾಡಿದ್ದೆವೇನೋ. ಅವಳ ದನಿ ತೆಳುವಾಯಿತು. ‘ಉಳಿದದ್ದು ಭಾನುವಾರ ಹೇಳ್ತೀನಿ ಟೀಚರ್’ ಎಂದು ಫೋನು ಇಟ್ಟಳು.