ದಪ್ಪ ಪೇಸ್ಟ್ ನೀರನ್ನು ತಡೆಯುವುದಿಲ್ಲ

ಎಂಜಿನ್ ಬಿಚ್ಚಿ ಮತ್ತೆ ಜೋಡಿಸುವಾಗ ಕೂಲಂಟ್ ಎಲ್ಬೋಗೆ, ಅಂದರೆ ಹೋಸ್ ಪೈಪ್ ಎಂಜಿನ್ನಿಗೆ ಕೂಡುವ ಬಾಗಿದ ತುಂಡಿಗೆ, ಸಿಲಿಕೋನ್ ಪೇಸ್ಟ್ ಎಷ್ಟು ದಪ್ಪ ಬಳಿದರೆ ಅಷ್ಟು ಭದ್ರ ಎಂಬ ನಂಬಿಕೆ ಗ್ಯಾರೇಜುಗಳಲ್ಲೂ ಗಾಡಿ ಮಾಲೀಕರಲ್ಲೂ ಬಲವಾಗಿ ಬೇರೂರಿದೆ. ರೋಣ, ನರಗುಂದ, ಗಜೇಂದ್ರಗಡದ ಕಡೆಯೂ ಇದಕ್ಕೆ ಹೊರತಲ್ಲ. ಅಂಚಿನಿಂದ ಉಕ್ಕಿ ಬಂದ ಪೇಸ್ಟ್ ಕಂಡರೆ ಮಾಲೀಕನಿಗೆ ಸಮಾಧಾನ. ಆದರೆ ಹೊರಗೆ ಎಷ್ಟು ಉಕ್ಕಿದೆಯೋ ಹೆಚ್ಚುಕಡಿಮೆ ಅಷ್ಟೇ ಒಳಗೂ ಉಕ್ಕಿರುತ್ತದೆ. ಒಳಗಿನ ಆ ಎಳೆ ಬಿಸಿನೀರಿನ ಹರಿವಿಗೆ ಸಿಕ್ಕಿ ಕಳಚಿ ಹೊರಡುತ್ತದೆ. ರೇಡಿಯೇಟರಿನ ಚಪ್ಪಟೆ ನಾಳಗಳ ಒಳಗಿಂಡಿ ಒಂದೆರಡು ಮಿಲಿಮೀಟರ್ ಮಾತ್ರ. ಅಲ್ಲಿ ಸಿಕ್ಕಿಕೊಂಡ ಪೇಸ್ಟ್ ತುಣುಕು ತಾನಾಗಿ ಹೊರಬರುವುದಿಲ್ಲ. ಸೋರಿಕೆ ತಡೆಯಲು ಹಚ್ಚಿದ ವಸ್ತುವೇ ಎಂಜಿನ್ ಕಾಯುವುದಕ್ಕೆ ಕಾರಣವಾಗುತ್ತದೆ, ಬೈಗುಳ ಮಾತ್ರ ರೇಡಿಯೇಟರಿಗೆ.

ನೀರನ್ನು ತಡೆಯುವುದು ಪೇಸ್ಟ್ ಅಲ್ಲ, ಎರಡು ಮುಖಗಳು ಒಂದಕ್ಕೊಂದು ಕೂರುವ ರೀತಿ. ಎಲ್ಬೋದ ಮುಖ ಸಮತಟ್ಟಾಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡಬೇಕು. ಅದರಡಿ 0.05 ಮಿ.ಮೀ. ಫೀಲರ್ ಗೇಜ್ ಸಲೀಸಾಗಿ ನುಸುಳಿದರೆ ಮುಖ ಬಾಗಿದೆ ಎಂದೇ ಅರ್ಥ. ಆಗ ಬೇಕಾದದ್ದು ಲೇತಿನಲ್ಲಿ ಫೇಸಿಂಗ್ ಅಥವಾ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಉಜ್ಜುವುದು. ಹಳೆಯ ಪ್ಯಾಕಿಂಗ್ ಕೆರೆಯುವಾಗ ಚೂಪು ಉಳಿ ಬಳಸಿದರೆ ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ, ಆ ಗೀರೇ ನಾಳೆ ನೀರಿನ ದಾರಿ. ಎಣ್ಣೆಯ ಪಸೆಯನ್ನು ಥಿನ್ನರಿನಿಂದ ಒರೆಸಿ, ಬೋಲ್ಟ್ ತೂತುಗಳ ತಳದಲ್ಲಿ ನಿಂತ ನೀರನ್ನೂ ತೆಗೆಯಬೇಕು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಸುಮ್ಮನಲ್ಲ. ಅದೇ ಗಾಳಿ ತೆರೆದ ಗ್ಯಾರೇಜಿನೊಳಗೆ ಎರೆಮಣ್ಣಿನ ಧೂಳನ್ನು ತಂದು ಹಸಿ ಪೇಸ್ಟಿನ ಮೇಲೆ ಕೂರಿಸುತ್ತದೆ. ಬಳಿದ ಮೇಲೆ ಹಾಗೇ ಬಿಟ್ಟು ಚಹಾಕ್ಕೆ ಹೋಗುವ ರೂಢಿ ಇದಕ್ಕೆ ಅನುಕೂಲ ಮಾಡಿಕೊಡುತ್ತದೆ.

ರಬ್ಬರ್ ಓ-ರಿಂಗ್ ಇರುವಲ್ಲಿ ಪೇಸ್ಟ್ ಬೇಡವೇ ಬೇಡ. ಕಾಗದದ ಪ್ಯಾಕಿಂಗ್ ಇದ್ದರೆ ಹೆಚ್ಚೆಂದರೆ ಬೆರಳಲ್ಲಿ ಸವರಿದಷ್ಟು ತೆಳು ಪದರ. ತಯಾರಕರೇ ಬರೀ ಪೇಸ್ಟ್ ಹೇಳಿರುವ ಕಡೆ ಎರಡು ಮೂರು ಮಿ.ಮೀ. ಎಳೆಯನ್ನು ಬೋಲ್ಟ್ ತೂತುಗಳ ಒಳಬದಿಯಲ್ಲಿ, ಎಲ್ಲೂ ತುಂಡಾಗದಂತೆ ಎಳೆದರೆ ಸಾಕು. ಅಲ್ಯೂಮಿನಿಯಂಗೆ ಕೂರುವ 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಬೇಕಾದದ್ದು 8ರಿಂದ 10 ನ್ಯೂಟನ್ ಮೀಟರ್ ಬಿಗಿ. ಉದ್ದ ಪಾನಾ ಹಾಕಿ ಜಗ್ಗಿದರೆ ಎಲ್ಬೋದ ಕಿವಿಗಳು ಬಾಗಿ ನಡುವೆ ಸಂದು ಬೀಳುತ್ತದೆ. ಆ ಸಂದಿಗೆ ಮತ್ತೆ ಪೇಸ್ಟ್!

ಇನ್ನು ನೇರ ಕೂರಿಸುವ ವಿಷಯ. ಸೋರಿಕೆಗೂ ಪೈಪಿನ ದಿಕ್ಕಿಗೂ ಸಂಬಂಧವಿಲ್ಲ ಎಂದುಕೊಳ್ಳುವವರೇ ಹೆಚ್ಚು. ಬ್ಲಾಕಿಗೋ ವಾಟರ್ ಪಂಪಿನ ಮನೆಗೋ ಬಡಿದು ಕೂರಿಸುವ ಉಕ್ಕಿನ ಪೈಪನ್ನು ತೆಗೆದುಕೊಳ್ಳಿ. ಅದರ ಬಾಗು ತುಸು ಓರೆಯಾದರೆ ಹೋಸ್ ಪೈಪ್ ತಿರುಚಿಕೊಂಡೇ ಕೂರುತ್ತದೆ. ಎಂಜಿನ್ ತನ್ನ ಮೌಂಟುಗಳ ಮೇಲೆ ಅಲುಗಿದಾಗಲೆಲ್ಲ ಆ ಎಳೆತ ಪೈಪಿನ ಬುಡಕ್ಕೆ ಬೀಳುತ್ತದೆ. ಇಲ್ಲಿ ಹಾಕುವುದು ಗಾಳಿ ತಗುಲದ ಸಂದಿನಲ್ಲಿ, ಲೋಹದ ಸಂಪರ್ಕದಿಂದ ಗಟ್ಟಿಯಾಗುವ ಬೇರೆ ಜಾತಿಯ ದ್ರಾವಣ. ಒಮ್ಮೆ ಹಿಡಿದುಕೊಂಡ ಮೇಲೆ ಪೈಪನ್ನು ಕೂದಲೆಳೆಯಷ್ಟು ತಿರುಗಿಸಿದರೂ ಹಿಡಿತ ಒಡೆಯುತ್ತದೆ. ಆದ್ದರಿಂದ ದ್ರಾವಣ ಮುಟ್ಟುವ ಮೊದಲೇ ಹೋಸ್ ಹಿಡಿದು ಅಳತೆ ನೋಡಿ, ಪೈಪಿಗೂ ಬ್ಲಾಕಿಗೂ ಸೇರಿ ಒಂದೇ ಗೀಟು ಎಳೆದುಕೊಳ್ಳಬೇಕು. ಬಡಿಯುವಾಗ ಆ ಗೀಟಿನ ಎರಡು ಭಾಗಗಳು ಕೂಡಬೇಕು. ಆಮೇಲೆ ತಿದ್ದುವ ಅವಕಾಶ ಇಲ್ಲ.

ಬಿಸಿಲಿಗೆ ಪೇಸ್ಟ್ ಬೇಗ ಒಣಗುತ್ತದೆ ಎಂಬುದೂ ಪೂರಾ ಸರಿಯಲ್ಲ. ಸಿಲಿಕೋನ್ ಪೇಸ್ಟ್ ಬಟ್ಟೆಯಂತೆ ಒಣಗುವುದಿಲ್ಲ, ಗಾಳಿಯಲ್ಲಿನ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಮಾರ್ಚ್-ಏಪ್ರಿಲ್‌ನ ಒಣಹವೆಯಲ್ಲಿ ಮೇಲ್ಪದರ ಕೈಗೆ ಅಂಟದಿದ್ದರೂ ಒಳಗೆ ಹಸಿಯೇ ಇರಬಹುದು, ದಪ್ಪ ಬಳಿದಷ್ಟೂ ಹೆಚ್ಚು ಹೊತ್ತು. ಸಾಮಾನ್ಯ ಪೇಸ್ಟಿಗೆ 24 ಗಂಟೆ ಬಿಡಬೇಕು. ಸಂಜೆ ಜೋಡಿಸಿ ರಾತ್ರಿಯೇ ನೀರು ತುಂಬಿ, ಅದು ಸೋರಿದರೆ ದೋಷ ಪೇಸ್ಟಿನದಲ್ಲ.

ಇತರ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಒಂದೇ ವಯರಿನ ಟೆಂಪರೇಚರ್ ಸೆನ್ಸರಿಗೆ ಟೆಫ್ಲಾನ್ ಟೇಪ್ ಸುತ್ತಿದರೆ ಅರ್ಥಿಂಗ್ ಕೆಟ್ಟು ಮೀಟರ್ ತಪ್ಪು ತೋರಿಸಬಹುದು. ಕೂಲಂಟಿನ ಓ-ರಿಂಗಿಗೆ ಮಾಮೂಲಿ ಗ್ರೀಸ್ ಹಚ್ಚಿದರೆ ಆ ರಬ್ಬರ್ ಉಬ್ಬಿ ಕೆಡುತ್ತದೆ, ಕೂಲಂಟನ್ನೇ ಸವರಿದರಾಯಿತು. ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವುದು ಸಣ್ಣ ನಾಳಗಳನ್ನು ತುಂಬುವ ಕೆಲಸ. ಬಿಸಿಲುನಾಡಿಗೆ ಥರ್ಮೋಸ್ಟಾಟ್ ಬೇಡವೆಂದು ಕಿತ್ತೆಸೆದರೆ, ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ತೆರೆದೇ ಉಳಿದು ಬಿಸಿನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ.

ನೀರಿನ ಮಾತು ಬೇರೆ, ಅದು ಎಲ್ಬೋದ ಬುಡಕ್ಕೇ ಬರುತ್ತದೆ. ಈ ಭಾಗದ ಬೋರ್ ನೀರು ಬಹುಪಾಲು ಗಡುಸು, ಹಲವೆಡೆ ಸವಳು. ಅದರ ಸುಣ್ಣ ನಾಳಗಳಲ್ಲಿ ಕಟ್ಟುತ್ತದೆ, ಉಪ್ಪಿನಂಶ ಅಲ್ಯೂಮಿನಿಯಂ ಮುಖವನ್ನು ಗುಳಿಗುಳಿಯಾಗಿ ತಿನ್ನುತ್ತದೆ, ಹೋಸಿನ ಬಾಯಡಿಯಲ್ಲಿ ವಿಶೇಷವಾಗಿ. ಎಲ್ಬೋ ಸೋರಲು ಇದು ದೊಡ್ಡ ಕಾರಣ. ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲಂಟ್ ಹಾಕಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆದರೂ ಸಾವಿರಾರು ರೂಪಾಯಿಯ ಎಂಜಿನ್ ಬೋರ್ ಕೆಲಸ ಮಾಡಿಸಿ, ಕೊನೆಗೆ ಪಕ್ಕದ ನಲ್ಲಿಯಿಂದ ಕೊಡ ತುಂಬಿ ಸುರಿಯುತ್ತಾರೆ.

ದಪ್ಪ ಪೇಸ್ಟ್ ಕೆಲವು ದಿನವಾದರೂ ಸೋರಿಕೆ ನಿಲ್ಲಿಸುತ್ತದೆ, ನಂಬಿಕೆ ಬದುಕಿರುವುದೇ ಅದರಿಂದ. ನಿಂತ ದಿನ ಕಣ್ಣಿಗೆ ಕಾಣುತ್ತದೆ. ತಿಂಗಳುಗಳ ನಂತರ ಎಂಜಿನ್ ಕಾದಾಗ ಯಾರೂ ಹಿಂದಿನ ಪೇಸ್ಟನ್ನು ನೆನೆಯುವುದಿಲ್ಲ. ಕಂಡದ್ದನ್ನಷ್ಟೇ ಪುರಾವೆ ಎಂದುಕೊಳ್ಳುವ ಈ ಅಭ್ಯಾಸ ಗ್ಯಾರೇಜಿಗೆ ಸೀಮಿತವಲ್ಲ. ಅಳತೆ ಕೇಳುವ ಗಿರಾಕಿಗಿಂತ ಪೇಸ್ಟ್ ಕೇಳುವ ಗಿರಾಕಿ ಹೆಚ್ಚಿರುವವರೆಗೆ ಮಿಸ್ತ್ರಿಯೊಬ್ಬನನ್ನೇ ದೂರಿ ಪ್ರಯೋಜನವಿಲ್ಲ.

ಎಲ್ಬೋ ಸರಿಯಾಗಿ ಕೂತಿದೆಯೇ ಎಂಬ ಪರೀಕ್ಷೆಗೆ ಪ್ರೆಶರ್ ಪಂಪ್ ಇದೆ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಬಾಯಿಗೆ ಅದನ್ನು ಕೂರಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟು, ಅಂದರೆ ಹೆಚ್ಚಿನ ಕಾರುಗಳಲ್ಲಿ 0.9ರಿಂದ 1.1 ಬಾರ್ ಒತ್ತಡ ಏರಿಸಬೇಕು. ಹದಿನೈದು ನಿಮಿಷ ಮುಳ್ಳು ಇಳಿಯದೆ ನಿಂತರೆ ಎಲ್ಬೋ ಕೂತಿದೆ. ಗಾಡಿ ಒಮ್ಮೆ ಪೂರ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಹೋಸಿನ ಕ್ಲಿಪ್ಪುಗಳ ಬಿಗಿ ನೋಡಬೇಕು.