ಡ್ರೋನ್ ಹಾರಿಸುವ ಮುನ್ನ ನಾಲ್ಕು ಪ್ರಶ್ನೆಗಳು

ನಮ್ಮ ಮಾಮು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಫೋಟೊ ಸ್ಟುಡಿಯೋ ಇಟ್ಟಿದ್ದಾರೆ. ಈಗ ಮದುವೆ ಆರ್ಡರ್ ಕೊಡಲು ಬಂದವರು ಮೊದಲು ಕೇಳುವುದು "ಡ್ರೋನ್ ಇದೆಯಾ?" ಎಂದೇ. ಅದಕ್ಕಾಗಿ ಮಾಮು 35,000 ರೂಪಾಯಿ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಡ್ರೋನ್ ತಂದರು. "ಬೇಟಾ, ನೀನೇ ಹಾರಿಸು. ಒಂದು ಮದುವೆಗೆ 1,500 ಕೊಡುತ್ತೇನೆ" ಎಂದರು. ಕಾಲೇಜು ಫೀಸಿನ ಕೊನೆಯ ಕಂತನ್ನು ನಾನೇ ಕಟ್ಟಬಹುದು ಎಂದು ಲೆಕ್ಕ ಹಾಕಿದೆ.

ಎರಡು ಭಾನುವಾರ ಮೈದಾನದಲ್ಲಿ ಕಲಿತೆ. ಮೂರನೇ ಭಾನುವಾರ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು, "ಇದಕ್ಕ ನಂಬರ್ ಐತೇನೋ ತಮ್ಮಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು 'ಡ್ರೋನ್ ನಿಯಮಗಳು, 2021' ಓದಿದೆ. ಕೇಂದ್ರ ಸರ್ಕಾರ ಇವನ್ನು 2021ರ ಆಗಸ್ಟ್ 25ರಂದು ಹೊರಡಿಸಿತು. ಹೊಸಬರು ನಾಲ್ಕು ಪ್ರಶ್ನೆ ಕೇಳಿಕೊಂಡರೆ ಮುಖ್ಯವಾದುದೆಲ್ಲ ತಿಳಿಯುತ್ತದೆ.

1. ತೂಕ ಎಷ್ಟು?
ಬ್ಯಾಟರಿ, ಕ್ಯಾಮೆರಾ ಎಲ್ಲ ಸೇರಿಸಿ ತೂಗಬೇಕು. 250 ಗ್ರಾಂವರೆಗೆ ನ್ಯಾನೋ, ಅದರ ಮೇಲೆ 2 ಕೆ.ಜಿ.ವರೆಗೆ ಮೈಕ್ರೋ, 25 ಕೆ.ಜಿ.ವರೆಗೆ ಸ್ಮಾಲ್, 150 ಕೆ.ಜಿ.ವರೆಗೆ ಮೀಡಿಯಂ, ಅದಕ್ಕೂ ಮೇಲೆ ಲಾರ್ಜ್. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನಮ್ಮದು 570 ಗ್ರಾಂ ಬಂತು. ಅಂದರೆ ಮೈಕ್ರೋ.

2. ನಂಬರ್ ಇದೆಯೇ?
ಬೈಕಿಗೆ ನಂಬರ್ ಇರುವಂತೆ ಡ್ರೋನ್‌ಗೆ 'ಯುಐಎನ್' ಎಂಬ ನೋಂದಣಿ ಸಂಖ್ಯೆ ಇರಬೇಕು. ಶುಲ್ಕ ಕೇವಲ 100 ರೂಪಾಯಿ. ಆದರೆ ನ್ಯಾನೋಗಿಂತ ದೊಡ್ಡ ಡ್ರೋನ್ ಆದರೆ ಆ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ ಸಿಕ್ಕಿರಬೇಕು, ಥರ್ಡ್ ಪಾರ್ಟಿ ವಿಮೆಯೂ ಬೇಕು. ಹಳೆಯದನ್ನು ಕೊಂಡರೆ ನೋಂದಣಿಯನ್ನು ನಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಮಾಮುಗೆ ಮಾರಿದವರು ಬಿಲ್ಲನ್ನೂ ಕೊಟ್ಟಿರಲಿಲ್ಲ. ಅದು ವಿದೇಶಿ ಮಾಲು, ಯುಐಎನ್ ಇಲ್ಲ. ಸಿದ್ಧ ಡ್ರೋನ್‌ಗಳ ಆಮದನ್ನು ಸರ್ಕಾರ 2022ರ ಫೆಬ್ರವರಿಯಲ್ಲೇ ನಿಷೇಧಿಸಿದೆ. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ.

3. ಎಲ್ಲಿ ಹಾರಿಸುತ್ತೇವೆ?
ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯ ಮಾಡಿದ್ದಾರೆ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಈ ಮಿತಿ 200 ಅಡಿ. ಹಳದಿಯಲ್ಲಿ ಏರ್ ಟ್ರಾಫಿಕ್ ಕಂಟ್ರೋಲ್ ಅನುಮತಿ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದೇ ಬೇಕು. ನಮ್ಮ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿ ಊರಿಗೆ ಅಂಟಿಕೊಂಡೇ ಇದೆ. ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ ನೋಡಿದರೆ ಶಾದಿ ಹಾಲ್ ಹಸಿರಿನಲ್ಲಿ ಇರಲಿಲ್ಲ. ನಾನು ಕಲಿತ ಮೈದಾನವೂ ಇರಲಿಲ್ಲ! ವಲಯಗಳು ಬದಲಾಗುತ್ತವೆ, ಹಾಗಾಗಿ ಪ್ರತಿ ಸಲ ಮ್ಯಾಪ್ ನೋಡಬೇಕು.

4. ಯಾರು, ಯಾಕೆ ಹಾರಿಸುತ್ತಾರೆ?
ವಾಣಿಜ್ಯ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಮೈಕ್ರೋ ಡ್ರೋನನ್ನು ಹವ್ಯಾಸಕ್ಕೆ ಹಾರಿಸಿದರೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಡ. ಅದೇ ಡ್ರೋನ್‌ನಿಂದ ಹಣ ಗಳಿಸಿದರೆ ಬೇಕು. 1,500 ರೂಪಾಯಿ ಮುಟ್ಟಿದ ಕೂಡಲೇ ನಾನು ವ್ಯಾಪಾರಕ್ಕೆ ಹಾರಿಸಿದಂತೆ. ಈ ಸರ್ಟಿಫಿಕೇಟ್‌ಗೆ 10ನೇ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಬೇಕು, ವಯಸ್ಸು 18 ಆಗಿರಬೇಕು. ನನಗೆ 17.

ಇದನ್ನೆಲ್ಲ ಹೇಳಿದಾಗ ಮಾಮು, "ಊರೆಲ್ಲ ಹಾರಿಸುತ್ತಾರೆ, ನಮಗೊಬ್ಬರಿಗೇ ಕಾನೂನಾ?" ಎಂದು ಸಿಟ್ಟಾದರು. ದಂಡ 1 ಲಕ್ಷ ರೂಪಾಯಿವರೆಗೆ ಇದೆ ಎಂದು ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಮದುವೆಯ ಡ್ರೋನ್ ಕೆಲಸವನ್ನು ಸರ್ಟಿಫಿಕೇಟ್ ಇರುವ ಒಬ್ಬರಿಗೆ ವಹಿಸಿದರು. ಅನುಮತಿ ಪಡೆಯುವ ಜವಾಬ್ದಾರಿಯೂ ಅವರದೇ. ಲಾಭ ಕಡಿಮೆಯಾಯಿತು, ಆರ್ಡರ್ ಉಳಿಯಿತು. 35,000 ಮಾತ್ರ ಕಪಾಟಿನಲ್ಲಿ ಕೂತಿದೆ. ನನ್ನ ಫೀಸಿನ ಕಂತನ್ನು ಅಬ್ಬಾ ಅವರೇ ಕಟ್ಟಿದರು.

ತರಬೇತಿಗೆ ಹತ್ತಾರು ಸಾವಿರ ಖರ್ಚಾಗುತ್ತದೆ. ಆದರೆ ಸರ್ಟಿಫಿಕೇಟ್ 10 ವರ್ಷ ನಡೆಯುತ್ತದೆ. ದ್ವಿತೀಯ ಪಿಯುಸಿ ಮುಗಿದು 18 ತುಂಬಿದ ಮೇಲೆ ಸೇರಬೇಕು ಎಂದುಕೊಂಡಿದ್ದೇನೆ. ಗೆಳೆಯರೇ, ನೀವು ಡ್ರೋನ್ ಕೊಳ್ಳಲು ಹೋದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಆಮೇಲೆ ಕೇಳಿ. ಮೊದಲು ಬಿಲ್ ಮತ್ತು ಯುಐಎನ್ ಕೇಳಿ.