ಹಳೆಯ ಪಿಸ್ತೂಲಿನ ಜಾತಕ

ಅಟ್ಟ ಗುಡಿಸುವಾಗ ಹಳೆಯ ಪಿಸ್ತೂಲೊಂದು ನಿಮ್ಮ ಕೈಗೆ ಸಿಕ್ಕಿತೆನ್ನಿ. ಹಿಡಿಯ ಮೇಲೆ ಬೆಳ್ಳಿಯ ಕೆಲಸ. ನಳಿಗೆಯ ಮೇಲೆ ಏನೋ ಬರಹ. ಮೊದಲು ಮಾಡುವುದೇನು? ಹುಣಿಸೆಹಣ್ಣು ಹಚ್ಚಿ ತಿಕ್ಕುವುದೆ? ದಯವಿಟ್ಟು ಬೇಡ. ತುಕ್ಕಿನೊಡನೆ ಅದರ ಜಾತಕವೂ ಅಳಿಸಿಹೋದೀತು. ಒಳಗೆ ಮದ್ದು ಉಳಿದಿರುವುದೂ ಉಂಟು. ಆದ್ದರಿಂದ ನಳಿಗೆಗೆ ಕಣ್ಣಿಟ್ಟು ನೋಡಲೂಬಾರದು.

ಇಂಥ ವಸ್ತುವಿನ ಮೂಲವನ್ನು ತಿಳಿಯುವ ಬಗೆಗೆ ಶ್ರೀರಂಗಪಟ್ಟಣವೇ ಒಳ್ಳೆಯ ನಿದರ್ಶನ. ಟಿಪ್ಪು ಸುಲ್ತಾನನಿಗಾಗಿ ಅಲ್ಲಿ ಪಿಸ್ತೂಲು, ಬಂದೂಕುಗಳನ್ನು ವಿಶೇಷವಾಗಿ ಮಾಡುತ್ತಿದ್ದರು. ಚಕಮಕಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ಬಟ್ಟಲಿನ ಮದ್ದಿಗೆ ಹಾರಿ ಗುಂಡು ಹೊರಡುವ ಯಂತ್ರದ ಮಾದರಿ ಯೂರೋಪಿನದು, ಅಲಂಕಾರವೋ ಸುಲ್ತಾನನದೇ. ಹುಲಿಯ ಮುಖ, ‘ಬಬ್ರಿ’ ಎಂಬ ಹುಲಿಪಟ್ಟೆ ಅದರ ಗುರುತು.

ಆದರೆ ಹುಲಿಯನ್ನು ಯಾರಾದರೂ ಕೆತ್ತಬಹುದಲ್ಲವೆ? ಆದ್ದರಿಂದ ಬರಹವನ್ನೂ ಓದಬೇಕು. ಟಿಪ್ಪು ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಬಳಕೆಗೆ ತಂದನು. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. 2221 ಎಂದು ಕಂಡದ್ದು ನಿಜವಾಗಿ 1222. ಅದಕ್ಕೆ ಸುಮಾರು 572 ಕೂಡಿಸಿದರೆ ನಮ್ಮ ಲೆಕ್ಕದ 1794ರ ಆಸುಪಾಸಿನ ವರ್ಷ ದೊರೆಯುತ್ತದೆ. ಎಡದಿಂದ ಓದಿದವನು ನಗುತ್ತಾ ಅದನ್ನು ಗುಜರಿಗೆ ಹಾಕಿಯಾನು!

ಮೂರನೆಯದು ಕೈಯಿಂದ ಕೈಗೆ ಬಂದ ವೃತ್ತಾಂತ. 1799ರ ಮೇ 4ರಂದು ಕೋಟೆ ಬಿದ್ದು, ಟಿಪ್ಪು ಮಡಿದ ಮೇಲೆ ಅವನ ಆಯುಧಗಳು ಗೆದ್ದವರ ಪಾಲಾಗಿ ಹಡಗು ಹತ್ತಿದವು. ಅಂದಿನ ಕಂಪನಿ ಅಧಿಕಾರಿಯೊಬ್ಬನು ಒಯ್ದಿದ್ದ ಬೆಳ್ಳಿ ಕೆಲಸದ ಬಂದೂಕೊಂದು ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯ ಅಟ್ಟದಲ್ಲಿ ಉಳಿದಿತ್ತು. 2019ರ ಹರಾಜಿನಲ್ಲಿ ಅದಕ್ಕೆ 60,000 ಪೌಂಡು ಬಂದಿತು. ಆ ಬೆಲೆ ಬೆಳ್ಳಿಯ ತೂಕಕ್ಕಲ್ಲ. ಯಾರದು, ಎಲ್ಲಿಂದ ಬಂದಿತು ಎಂಬ ನಂಬಿಕೆಗೆ.

ನಿಮ್ಮ ಮನೆಯ ಪಿಸ್ತೂಲಿಗೂ ಇದೇ ಕ್ರಮ. ಗುರುತುಗಳ ಚಿತ್ರ ತೆಗೆಯಿರಿ. ಅಜ್ಜಿ, ತಾತಂದಿರನ್ನು ಕೇಳಿ, ಅವರು ಹೇಳಿದ್ದನ್ನು ಅಂದೇ ಬರೆದಿಡಿರಿ. ಹಳೆಯ ಕಾಗದ, ಪತ್ರ, ರಸೀತಿಗಳನ್ನು ಎಸೆಯಬೇಡಿರಿ. ಬಳಿಕ ವಸ್ತುಸಂಗ್ರಹಾಲಯದ ತಜ್ಞರಿಗೆ ತೋರಿಸಿರಿ. ಆಯುಧವಾದ್ದರಿಂದ ಪರವಾನಗಿ ಬೇಕೆ ಎಂದು ಪೊಲೀಸರನ್ನೂ ಕೇಳಿಕೊಳ್ಳುವುದು ಲೇಸು. ನೂರು ವರ್ಷ ಮೀರಿದ ಇಂಥ ವಸ್ತು 1972ರ ಕಾಯಿದೆಯಂತೆ ಪ್ರಾಚೀನ ವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ತಿಕ್ಕಿದ ಪಿಸ್ತೂಲು ಹೊಳೆದೀತು. ಆದರೆ ಮತ್ತೆ ಮಾತಾಡಲಾರದು. ಅದು ನಮ್ಮ ಮಕ್ಕಳಿಗೆ ಹೇಳಬೇಕಾದ ಮಾತನ್ನು ನಾವೇ ಅಳಿಸುವುದು ಬೇಡ.